ಹೈಕೋರ್ಟಿನ ಕಾಗದಕ್ಕೆ ಕನ್ನಡದಲ್ಲಿ ಅರ್ಥ ಹೇಳುವ ಅಂಗಡಿ, ವಿದ್ಯಾನಗರ

ಕೋರ್ಟಿನ ಕಾಗದ ಕೈಯಲ್ಲಿ ಹಿಡ್ಕೊಂಡು ಓದಿ ಹೇಳುವವರಿಲ್ಲದೆ ಅಲೆದ ಕಾಸರಗೋಡಿನ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಿದ್ಯಾನಗರದಲ್ಲಿ ಜಿಲ್ಲಾ ಕೋರ್ಟಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ ಒಂದು ಸಣ್ಣ ಭಾಷಾಂತರ ಅಂಗಡಿ ಇದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬೋರ್ಡು. ಒಳಗೆ ಇಬ್ಬರೇ.

ಅಜ್ಜನ ಜಾಗ ಅಪ್ಪನ ಹೆಸರಿಗೆ ಪೋಕುವರವು (ಜಾಗದ ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಬೇಕಿತ್ತು. ಅರ್ಜಿ ಕೊಟ್ಟು ಎರಡು ವರ್ಷವಾದರೂ ಕಚೇರಿಯಿಂದ ಹೌದು ಅಂತಲೂ ಇಲ್ಲ, ಆಗುವುದಿಲ್ಲ ಅಂತಲೂ ಇಲ್ಲ. ಕೊನೆಗೆ ಎರ್ನಾಕುಳಂನ ಹೈಕೋರ್ಟಿನಲ್ಲಿ ರಿಟ್ ಹಾಕಿದೆವು. ತೀರ್ಪು ಬಂತು, ಮೂರು ಪುಟ, ಪೂರ್ತಿ ಇಂಗ್ಲಿಷ್. ಮೊದಲು ನಮ್ಮ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕನ್ನಡ ಮಾಡಿಸಿದ್ದೆವು. ಅವರು ಮಲಯಾಳ ಮಾಡಿ ಅದನ್ನೇ ಕನ್ನಡ ಅಕ್ಷರಕ್ಕೆ ಇಳಿಸಿದ್ದರು, ಅಷ್ಟೇ. 'ಹೈಕೋರ್ಟಿನ ವಿಧಿ' ಅಂತ ಒಂದು ಕಡೆ, 'ಎರಡು ತಿಂಗಳೊಳಗೆ ಉತ್ತರವು' ಅಂತ ಇನ್ನೊಂದು ಕಡೆ. ಮಲಯಾಳದಲ್ಲಿ ವಿಧಿ ಅಂದರೆ ತೀರ್ಪು, ಉತ್ತರವ್ ಅಂದರೆ ಆದೇಶ. ಕನ್ನಡ ಮೀಡಿಯಂನಲ್ಲಿ ಓದಿದ ಅಪ್ಪ ಅದನ್ನು ಇದ್ದ ಹಾಗೇ ಓದಿ, ಕಚೇರಿಯಿಂದ ಉತ್ತರ ಬರುತ್ತದೆ ಅಂತ ದಿನಾ ಪೋಸ್ಟ್‌ಮ್ಯಾನ್‌ ದಾರಿ ಕಾಯುತ್ತಿದ್ದರು. ಅಮ್ಮನಿಗೆ ರಿಟ್ ಅಂದರೆ ವಾರಂಟ್ ಇರಬೇಕು ಅಂತ ಹೆದರಿಕೆ.

ವಿದ್ಯಾನಗರದವರು ಮಾಡಿದ ಮೊದಲ ಕೆಲಸ ನನಗೆ ತುಂಬ ಇಷ್ಟವಾಯಿತು. ಟೈಪ್ ಮಾಡಲು ಕೂರಲಿಲ್ಲ. ಪೂರ್ತಿ ಓದಿ, ಅಪ್ಪನ ಎದುರು ಕುರ್ಚಿ ಎಳೆದುಕೊಂಡು, ರಿಟ್ ಅಂದರೆ ಕೋರ್ಟು ಬರೆದು ಕೊಡುವ ಅಪ್ಪಣೆ ಎಂದರು. ಹಿಂದೆ ಇಂಗ್ಲೆಂಡಿನಲ್ಲಿ ರಾಜನ ಹೆಸರಲ್ಲಿ ಮೊಹರು ಒತ್ತಿ ಕಳಿಸುತ್ತಿದ್ದ ಓಲೆ ಅದು. ಈಗ ಸಂವಿಧಾನದ 32ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿಗೆ, 226ರಲ್ಲಿ ಹೈಕೋರ್ಟಿಗೆ ಆ ಅಧಿಕಾರ ಇದೆ (ಈ ವಿಧಿ ನಮ್ಮ ಕನ್ನಡದ್ದು, ಕಲಮು ಅಂತ ಅರ್ಥ). ಐದು ಬಗೆ. ಹಿಡಿದಿಟ್ಟ ಮನುಷ್ಯನನ್ನು ಕರೆತಂದು ಎದುರು ನಿಲ್ಲಿಸು ಅನ್ನುವುದು ಹೇಬಿಯಸ್ ಕಾರ್ಪಸ್. ಯಾವ ಹಕ್ಕಿನಿಂದ ಆ ಕುರ್ಚಿಯಲ್ಲಿ ಕೂತಿದ್ದೀಯಾ ಅಂತ ಕೇಳುವುದು ಕೋ ವಾರಂಟೊ. ಸರ್ಷಿಯೊರರಿ, ಪ್ರೊಹಿಬಿಷನ್ ನಮಗೆ ಸಂಬಂಧಪಟ್ಟದ್ದಲ್ಲ ಅಂತ ಬಿಟ್ಟರು. ನಮ್ಮದು ಮ್ಯಾಂಡಮಸ್. ಕಾನೂನು ಪುಸ್ತಕದಲ್ಲಿ ಪರಮಾದೇಶ ಅಂತ ಇದೆಯಂತೆ, ಆದರೆ ಇವರು ಪಕ್ಕದಲ್ಲೇ 'ನಿನ್ನ ಕರ್ತವ್ಯ ನೀನು ಮಾಡು ಎಂಬ ಅಪ್ಪಣೆ' ಅಂತಲೂ ಬರೆದರು. ಅಪ್ಪನಿಗೆ ಅರ್ಥವಾದದ್ದು ಅದು.

ಅವರಲ್ಲಿ ಹಿರಿಯರು ಇನ್ನೊಂದು ವಿಷಯ ಹೇಳಿದರು. ನಮ್ಮ ಊರು ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಅಲ್ಲಿನ ಹೈಕೋರ್ಟಿನ ಸರ್ಷಿಯೊರರಿ ರಿಟ್ (ಕೆಳಗಿನವರ ತೀರ್ಮಾನವನ್ನು ತರಿಸಿ ನೋಡಿ ರದ್ದು ಮಾಡುವ ಅಪ್ಪಣೆ) ಮದ್ರಾಸ್ ಪಟ್ಟಣದ ಗಡಿ ದಾಟುವುದಿಲ್ಲ ಅಂತ 1943ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗಿನ ಕೊನೆಯ ಮೇಲ್ಮನವಿ ಕೋರ್ಟು, ಹೇಳಿತ್ತು. ಸಂವಿಧಾನ ಬಂದ ಮೇಲೆ, 1950ರಲ್ಲಿ, ಆ ಬಾಗಿಲು ನಮಗೂ ತೆರೆಯಿತು. ಅಪ್ಪ ಇದನ್ನು ಬಸ್ಸಿನಲ್ಲಿ ಬರುವಾಗ ಎರಡು ಸಲ ಹೇಳಿದರು.

ಆಮೇಲೆ ತೀರ್ಪಿನ ಕೊನೆಯ ಸಾಲಿಗೆ ಬೆರಳಿಟ್ಟರು. ಜಾಗ ಹೆಸರಿಗೆ ಮಾಡಿಕೊಡಿ ಅಂತ ಕೋರ್ಟು ಹೇಳಿಲ್ಲ. ಅರ್ಜಿಯನ್ನು ಪರಿಗಣಿಸಿ, ಅರ್ಜಿದಾರರ ಮಾತು ಕೇಳಿ, ತೀರ್ಪಿನ ಪ್ರತಿ ಸಿಕ್ಕಿದ ದಿನದಿಂದ ಎರಡು ತಿಂಗಳೊಳಗೆ ತೀರ್ಮಾನಿಸಿ ಅಂತ ಮಾತ್ರ. ಅಂದರೆ ನಾವು ಪ್ರತಿ ತೆಗೆದುಕೊಂಡು ಹೋಗಿ ಕಚೇರಿಗೆ ಕೊಟ್ಟು ರಸೀದಿ ಪಡೆಯಬೇಕು. ನಾವು ಸುಮ್ನೆ ಮನೆಯಲ್ಲಿ ಕೂತು ಮೂರು ವಾರ ಕಳೆದಿದ್ದೆವು! ಕಚೇರಿಯವರು ಕೋರ್ಟಿನ ಮಾತು ಕೇಳದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು, ಅದಕ್ಕೆ ಒಂದು ವರ್ಷದ ಗಡುವು ಇದೆ, ಆದರೆ ಅದನ್ನು ವಕೀಲರ ಹತ್ತಿರವೇ ಕೇಳಿ, ನಾವು ಭಾಷಾಂತರದವರು ಮಾತ್ರ ಅಂತಲೂ ಹೇಳಿದರು. ಈ ಪ್ರಾಮಾಣಿಕತೆಗೆ ಬೆಲೆ ಕಟ್ಟಲಿಕ್ಕಾಗುವುದಿಲ್ಲ.

ಕಚೇರಿಗೆ ಕೊಡುವ ಪತ್ರವನ್ನು ಕನ್ನಡದಲ್ಲೇ ಬರೆದುಕೊಟ್ಟರು. ಕೇರಳದ 1969ರ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಸರ್ಕಾರಿ ಕಚೇರಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಮರುಪತ್ರವೂ ಕನ್ನಡದಲ್ಲೇ ಬರಬೇಕು. ನಮ್ಮಲ್ಲಿ ಎಷ್ಟು ಜನ ಇದನ್ನು ಬಳಸುತ್ತಿದ್ದೇವೆ?

ಪುಟಕ್ಕೆ 200 ರೂಪಾಯಿ, ಜಾಸ್ತಿ ಅನ್ನಿಸಲಿಲ್ಲ. ಮೆಟ್ಟಿಲು ಮಾತ್ರ ಕಡಿದು, ಹಿಡಿಯಲು ಕಂಬಿ ಇಲ್ಲ, ವಯಸ್ಸಾದವರಿಗೆ ಕಷ್ಟ, ಇದನ್ನು ಸರಿ ಮಾಡಲೇಬೇಕು. ಬೆಳಗ್ಗೆ ಕೋರ್ಟಿನ ಹೊತ್ತಿಗೆ ರಶ್ಶು ಇರುತ್ತದೆ, ಮೂರು ಗಂಟೆ ಮೇಲೆ ಹೋಗಿ. ಮೂಲ ಕಾಗದ ಬೇಡ, ಜೆರಾಕ್ಸ್ ಸಾಕು.

ನಮಗೆ ಮುಂದಿನ ಮಂಗಳವಾರ ವಿಚಾರಣೆಗೆ ಬರಲು ಕಚೇರಿಯಿಂದ ನೋಟೀಸು ಬಂದಿದೆ. ಮಲಯಾಳದಲ್ಲೇ ಇದೆ. ಸೋಮವಾರ ಅಪ್ಪನನ್ನು ಕರೆದುಕೊಂಡು ಮತ್ತೆ ಆ ಮೆಟ್ಟಿಲು ಹತ್ತುತ್ತೇನೆ.