ಹಳೇ ಅಲ್ಯೂಮಿನಿಯಂ ದೋಣಿಗೆ ಟೂ-ಸ್ಟ್ರೋಕೋ, ಫೋರ್-ಸ್ಟ್ರೋಕೋ?

ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿಗೆ 12 ಅಡಿಯ ಹಳೇ ದೋಣಿ ಇಳಿಸುವವರು ಮೋಟಾರಿನ ಬೆಲೆ ಕೇಳುವ ಮೊದಲು, ಅದನ್ನು ಸಿಕ್ಕಿಸುವ ದೋಣಿಯ ಹಿಂಬದಿ ಹಲಗೆ ನೋಡಬೇಕು. ಒಳಗಿನ ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ಚುಚ್ಚಿ. ಮೆತ್ತಗೆ ಇಳಿದರೆ ಕೊಳೆತಿದೆ ಎಂದೇ ಅರ್ಥ. ಅದನ್ನು ಬದಲಿಸುವ ತನಕ ಯಾವ ಮೋಟಾರೂ ಬೇಡ.

8 ಎಚ್‌ಪಿ ಟೂ-ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಮೋಟಾರು) ಸುಮಾರು 27 ಕೆ.ಜಿ. ತೂಗುತ್ತದೆ, ಫೋರ್-ಸ್ಟ್ರೋಕ್ (ಆಯಿಲ್ ಬೇರೆಯಾಗಿ ಹಾಕುವುದು) ಅದಕ್ಕಿಂತ ಹತ್ತು ಕೆ.ಜಿ.ಯಷ್ಟು ಹೆಚ್ಚು. ತಗಡು ಜೋಡಿಸುವ ರಿವೆಟ್ ಸಡಿಲಾದ ದೋಣಿಗೆ ಇದು ಸಣ್ಣ ಭಾರವಲ್ಲ: ಹಿಂಭಾಗ ತಗ್ಗುತ್ತದೆ, ಮೋಟಾರಿನ ನಡುಕಕ್ಕೆ ರಿವೆಟ್ ಸಂದಿಯಲ್ಲಿ ನೀರು ಜಿನುಗುತ್ತದೆ. ಅಂಥ ದೋಣಿಗೆ ಟೂ-ಸ್ಟ್ರೋಕೇ ಸರಿ. ಪೆಟ್ರೋಲ್-ಆಯಿಲ್ 50:1 ಅಳತೆಯ ಮೋಟಾರಾದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್, ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಕಪ್ಪುಗಟ್ಟುತ್ತದೆ.

ಹಲಗೆ, ರಿವೆಟ್ ಎರಡೂ ಗಟ್ಟಿಯಿದ್ದು, ದಿನವಿಡೀ ನಿಧಾನವಾಗಿ ಓಡಿಸುವುದಾದರೆ ಫೋರ್-ಸ್ಟ್ರೋಕ್ ತಗೊಳ್ಳಿ. ಪೆಟ್ರೋಲ್ ಉಳಿಯುತ್ತದೆ, ಸದ್ದೂ ಕಡಿಮೆ.

ಹಲಗೆಯ ಎತ್ತರ 15 ಇಂಚಿದ್ದರೆ ಗಿಡ್ಡ ಶಾಫ್ಟ್ (ಪ್ರೊಪೆಲ್ಲರಿನವರೆಗೆ ಇಳಿಯುವ ಮೋಟಾರಿನ ಕಾಲು), 20 ಇದ್ದರೆ ಉದ್ದದ್ದು. ಅಗ್ಗಕ್ಕೆ ಸಿಕ್ಕಿತೆಂದು ಗಿಡ್ಡ ಹಲಗೆಗೆ ಉದ್ದ ಶಾಫ್ಟ್ ಹಾಕಿದರೆ, ಬೇಸಿಗೆಯಲ್ಲಿ ನೀರು ಇಳಿದಾಗ ಪ್ರೊಪೆಲ್ಲರ್ ಕಲ್ಲಿಗೆ ಬಡಿಯುತ್ತದೆ. ಹೂಳು ನೀರು, ಮೋಟಾರು ತಣ್ಣಗಿರಿಸಲು ನೀರೆಳೆಯುವ ಇಂಪೆಲ್ಲರಿನ (ಪಂಪಿನ ಚಕ್ರದ) ರಬ್ಬರ್ ಸವೆಸುತ್ತದೆ. ಮೋಟಾರಿನಿಂದ ಚಿಮ್ಮುವ ನೀರಿನ ಧಾರೆ ಸಣ್ಣಗಾದರೆ ತಕ್ಷಣ ಆಫ್ ಮಾಡಿ.