ಎ ವರ್ಗವೋ ಬಿ ವರ್ಗವೋ: 1945ರ ಬ್ರಿಟಿಷ್ ಸೈನಿಕನ ಲೆಕ್ಕಾಚಾರ

1945ರ ಜೂನ್ 18ರಿಂದ ಬ್ರಿಟನ್ ತನ್ನ ಸೈನಿಕರನ್ನು ಮನೆಗೆ ಕಳಿಸತೊಡಗಿತು. ಬಹುತೇಕರದ್ದು ಎ ವರ್ಗ. ಅದರಲ್ಲಿ ಸರದಿ ನಿರ್ಧರಿಸುತ್ತಿದ್ದದ್ದು ವಯಸ್ಸು ಮತ್ತು ಸೇವಾವಧಿ: ಎರಡು ತಿಂಗಳ ಸೇವೆ ಒಂದು ವರ್ಷದ ವಯಸ್ಸಿಗೆ ಸಮ. ಹಾಗಾಗಿ ನಾಲ್ಕು ವರ್ಷ ದುಡಿದ 22ರ ಹುಡುಗನೂ ಒಂದೇ ವರ್ಷ ದುಡಿದ 40ರ ಗೃಹಸ್ಥನೂ ಒಂದೇ ಗುಂಪು. ದರ್ಜೆಗೆ ಇಲ್ಲಿ ಬೆಲೆಯಿಲ್ಲ. ಲೆಕ್ಕ ಯಾರಿಗೂ ಅರ್ಥವಾಗುವಂಥದ್ದು, ಅದೇ ಅದರ ಬಲ.

ಬಾಂಬಿಗೆ ಉರುಳಿದ ಮನೆ ಕಟ್ಟಲು ಗಾರೆಯವರು, ಬಡಗಿಗಳು ತುರ್ತಾಗಿ ಬೇಕಿದ್ದರು. ಅಂಥವರಿಗೆ ಬಿ ವರ್ಗ: ಸರದಿ ಮೀರಿ ಬಿಡುಗಡೆ. ಬೇಡವೆನ್ನುವ ಹಕ್ಕೂ ಇತ್ತು, ಅನೇಕರು ಬೇಡವೆಂದರು ಕೂಡ. ಕಾರಣ ಸರಳ. ಎ ವರ್ಗಕ್ಕೆ ಸಂಬಳಸಹಿತ 56 ದಿನ ರಜೆ, ಮೇಲೆ ಹೊರದೇಶದ ಸೇವೆಯ ಪ್ರತಿ ತಿಂಗಳಿಗೆ ಒಂದು ದಿನ. ಬಿ ವರ್ಗಕ್ಕೆ ಬರೀ 21 ದಿನ. ಸಾಲದ್ದಕ್ಕೆ ಹೇಳಿದ ಕೆಲಸ ಬಿಟ್ಟರೆ ಮತ್ತೆ ಸಮವಸ್ತ್ರ!

ಎ ವರ್ಗದಲ್ಲಿ ಗುಂಪಿನ ಕ್ರಮಸಂಖ್ಯೆ ಚಿಕ್ಕದಿದ್ದು ಸರದಿ ಹತ್ತಿರವಿದ್ದವನಿಗೆ ಬಿ ನಷ್ಟದ ಬಾಬತ್ತು. ವರ್ಷಗಟ್ಟಲೆ ಕಾಯಬೇಕಿದ್ದ ಎಳೆಯ ಬಡಗಿಗೆ ಮಾತ್ರ, ರಜೆ ಹೋದರೂ, ಬಿ ವರ್ಗವೇ ಲಾಭ.