ವಿಶೇಷ ಶಿಕ್ಷಕರಿಗೆ ಯಾವ ತರಬೇತಿ? ಆನ್‌ಲೈನ್ ಕೋರ್ಸ್, ಕಾರ್ಯಾಗಾರ, ತರಗತಿಗೇ ಬಂದು ಕಲಿಸುವವರು

ಬೇಸಿಗೆ ರಜೆ ಹತ್ತಿರ ಬಂದರೆ, ಅಂಗವೈಕಲ್ಯ ಇರುವ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತರಬೇತಿಯ ಲಿಂಕ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ಹೊಸಬರು ಕೇಳುತ್ತಾರೆ, "ಮೇಡಂ, ಯಾವುದಕ್ಕೆ ಸೇರಲಿ?" ನಾನು ಹೊಸನಗರ ತಾಲ್ಲೂಕಿನ ಶಾಲೆಗಳಲ್ಲಿ ಕೆಲಸ ಮಾಡುವವಳು. ಮೊಬೈಲ್‌ನಲ್ಲಿ ಮುಗಿಸುವ ಆನ್‌ಲೈನ್ ಕೋರ್ಸ್ ಮಾಡಿದ್ದೇನೆ. ಶಿವಮೊಗ್ಗದಲ್ಲಿ ಕಾರ್ಯಾಗಾರಕ್ಕೂ ಕೂತಿದ್ದೇನೆ. ಅನುಭವಿ ಶಿಕ್ಷಕಿಯೊಬ್ಬರು ನಮ್ಮ ತರಗತಿಗೇ ಬಂದು ಕಲಿಸಿದ್ದನ್ನೂ ಕಂಡಿದ್ದೇನೆ. ಶಾಲೆಗೆ ವಾಪಸ್ ಹೋದ ಮೇಲೆ ಮಗುವಿನ ಜೊತೆ ನನ್ನ ಕೆಲಸ ಎಷ್ಟು ಬದಲಾಯಿತು ಅನ್ನುವುದನ್ನು ಮಾತ್ರ ನೋಡಿದರೆ, ಮೂರನೆಯದೇ ಮುಂದೆ. ಉಳಿದೆರಡು ಬೇಡ ಅಂತ ಅಲ್ಲ.

ಆನ್‌ಲೈನ್ ಕೋರ್ಸ್ ಯಾಕೆ ಬೇಕು ಅಂದರೆ, ನಾವು ಓದಿದ ಡಿಪ್ಲೊಮಾ ಸಾಮಾನ್ಯವಾಗಿ ಒಂದೇ ಬಗೆಯ ಅಂಗವೈಕಲ್ಯಕ್ಕೆ ಸೇರಿದ್ದು. ನನ್ನದು ಬೌದ್ಧಿಕ ಅಂಗವೈಕಲ್ಯ. ಆದರೆ ಹಳ್ಳಿ ಶಾಲೆಯಲ್ಲಿ ಕಿವಿ ಕೇಳದ ಮಗುವೂ ಇರುತ್ತದೆ, ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಮಗುವೂ ಇರುತ್ತದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ ಅವು 21 ಆದವು. ಆಟಿಸಂ, ಕಲಿಕಾ ನ್ಯೂನತೆ ಎಲ್ಲ ಸೇರಿಕೊಂಡವು. ಇಷ್ಟೆಲ್ಲದರ ಮೊದಲ ಪರಿಚಯಕ್ಕೆ ಆನ್‌ಲೈನ್‌ಗಿಂತ ಸುಲಭದ ದಾರಿ ಇಲ್ಲ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿರುವ ಪಾಠಗಳಿಗೆ ದುಡ್ಡು ಕೊಡಬೇಕಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಯ ತಜ್ಞರ ಮಾತನ್ನು ಮನೆಯಲ್ಲೇ ಕೂತು ಕೇಳಬಹುದು. ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಕಾರ್ಯಕ್ರಮವಾದರೆ, ನೋಂದಣಿ ನವೀಕರಣಕ್ಕೆ ಬೇಕಾದ ಸಿಆರ್‌ಇ (ಮುಂದುವರಿದ ತರಬೇತಿಯ) ಅಂಕವೂ ಸಿಗುತ್ತದೆ.

ಆದರೆ ವಿಡಿಯೊ ನೋಡಿ, ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಮುಗಿಯಿತು. ನಾನು ಮಾಡಿದ ಒಂದು ಕೋರ್ಸ್‌ನಲ್ಲಿ ತೋರಿಸಿದ ತರಗತಿಯಲ್ಲಿ ಆರು ಮಕ್ಕಳು, ಇಬ್ಬರು ಶಿಕ್ಷಕರು, ಗೋಡೆ ತುಂಬ ಸಲಕರಣೆ. ಒಂದರಿಂದ ಐದನೇ ತರಗತಿ ಒಟ್ಟಿಗೆ ಕೂರುವ ನಮ್ಮ ಶಾಲೆಯಲ್ಲಿ ಅದನ್ನು ಹೇಗೆ ಮಾಡುವುದು ಅಂತ ಕೇಳೋಣ ಅಂದರೆ ಆ ಕಡೆ ಯಾರೂ ಇಲ್ಲ.

ಕಾರ್ಯಾಗಾರದಲ್ಲಿ ಕೈಗೆ ಕೆಲಸ ಬೀಳುತ್ತದೆ, ಅದೇ ಅದರ ಲಾಭ. ಉದಾಹರಣೆಗೆ ಪೆಕ್ಸ್ ತಗೊಳ್ಳಿ. ಮಾತು ಬಾರದ ಮಗು ಚಿತ್ರದ ಕಾರ್ಡ್ ಕೊಟ್ಟು ತನಗೆ ಬೇಕಾದ್ದನ್ನು ಕೇಳುವ ವಿಧಾನ ಇದು. 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ್ದು. ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ಒಬ್ಬರು ಎದುರು ಕೂತು ಕಾರ್ಡ್ ತಗೊಂಡು ಆ ವಸ್ತು ಕೊಡುತ್ತಾರೆ. ಇನ್ನೊಬ್ಬರು ಮಗುವಿನ ಹಿಂದೆ ಕೂತು, ಮಗು ಕೈ ಚಾಚಿದಾಗ ಮಾತಾಡದೆ ಆ ಕೈಗೆ ಸಹಾಯ ಮಾಡುತ್ತಾರೆ. ಹಿಂದಿನವರು ಯಾವಾಗ ಕೈ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವುದು ಮಾಡಿಯೇ ಬರಬೇಕು. ಅಂಗಿಯ ಗುಂಡಿ ಹಾಕುವುದನ್ನು ಕೊನೆಯ ಹೆಜ್ಜೆಯಿಂದ ಶುರು ಮಾಡಿ ಹಿಂದಕ್ಕೆ ಕಲಿಸುತ್ತಾ ಬರುವುದೂ ಹಾಗೇ. ನಾವೇ ಗುಂಡಿಯನ್ನು ಮುಕ್ಕಾಲು ಪಾಲು ತೂರಿಸಿ, ಕೊನೆಯ ಎಳೆತ ಮಾತ್ರ ಮಗುವಿಗೆ ಬಿಡುತ್ತೇವೆ. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಹೀಗಾದರೆ ಪ್ರತಿ ಸಲವೂ "ನಾನೇ ಹಾಕಿದೆ" ಅನ್ನುವ ಖುಷಿ ಮಗುವಿಗೆ ಸಿಗುತ್ತದೆ.

ಕೊರತೆ ಏನು ಅಂದರೆ, ಅಲ್ಲಿ ಮಗುವಿನ ಪಾತ್ರ ಮಾಡುವವರು ನಮ್ಮ ಸಹೋದ್ಯೋಗಿಗಳು. ಅವರು ಕಚ್ಚುವುದಿಲ್ಲ, ಓಡಿ ಹೋಗುವುದಿಲ್ಲ, ಹೇಳಿದ್ದು ಕೇಳುತ್ತಾರೆ. ಇನ್ನೊಂದು ಸಣ್ಣ ವಿಷಯ: ಅಲ್ಲಿ ಕಾಗದದಲ್ಲಿ ಚೆಂದಾಗಿ ಮಾಡಿಕೊಂಡು ಬಂದ ಕಾರ್ಡ್‌ಗಳು ಮಲೆನಾಡಿನ ಆಷಾಢದ ಥಂಡಿಗೆ ಬೂಷ್ಟು ಹಿಡಿಯುತ್ತವೆ. ಅಂಚು ಬಿಟ್ಟು ಲ್ಯಾಮಿನೇಟ್ ಮಾಡಿಸಿ, ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿಡಿ.

ಇನ್ನು ಮೂರನೆಯದು. ನಮ್ಮಲ್ಲಿ ಆಟಿಸಂ ಇರುವ ಹುಡುಗನೊಬ್ಬ ಮಳೆಗಾಲದಲ್ಲಿ ಜೋರಾಗಿ ಅಳುತ್ತಿದ್ದ, ಪುಸ್ತಕ ಎಸೆಯುತ್ತಿದ್ದ. ಶಾಲೆಯಲ್ಲಿ ಅದಕ್ಕೆ 'ಹಟ' ಅಂತ ಹೆಸರು. ಪಕ್ಕದ ತಾಲ್ಲೂಕಿನ ಹಿರಿಯ ಶಿಕ್ಷಕಿಯೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹಾಳೆಯಲ್ಲಿ ಮೂರು ಕಾಲಂ ಎಳೆದರು: ಅಳುವ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಮಧ್ಯಾಹ್ನದ ಹೊತ್ತಿಗೆ ಹಾಳೆ ನೋಡಿದರೆ ಪಾಠಕ್ಕೂ ಅಳುವಿಗೂ ಸಂಬಂಧವೇ ಇಲ್ಲ. ತಗಡಿನ ಮಾಡಿನ ಮೇಲೆ ಮಳೆ ಜೋರಾದಾಗ ಅಳು ಶುರು. ಅತ್ತರೆ ಅವನನ್ನು ಆಫೀಸ್ ರೂಮಿಗೆ ಕಳಿಸುತ್ತಿದ್ದರು. ಅದಕ್ಕೆ ತಾರಸಿ ಇದೆ, ಸದ್ದು ಕಡಿಮೆ. ಅಂದರೆ ಅಳು ಅವನಿಗೆ ಬೇಕಾದ ಜಾಗ ಕೊಡಿಸುತ್ತಿತ್ತು. ಅಳುವ ಬದಲು ಆಫೀಸ್ ರೂಮಿನ ಚಿತ್ರವಿರುವ ಕಾರ್ಡ್ ಕೊಟ್ಟು ಕೇಳುವುದನ್ನು ಅವರು ಅಂದೇ ಶುರು ಮಾಡಿಸಿದರು. ಮೋಡ ಕಪ್ಪಾಗುತ್ತಿದ್ದಂತೆ, ಅಳು ಬರುವ ಮೊದಲೇ ಕಾರ್ಡ್ ಅವನ ಕೈಗೆ ಸಿಗುವಂತಿರಬೇಕು ಅಂದರು. ನಾನು ಮಾಡುವಾಗ ಪಕ್ಕದಲ್ಲೇ ನಿಂತು, "ಈಗ ಕೈ ಬಿಡಿ, ಸ್ವಲ್ಪ ಕಾಯಿರಿ" ಅಂತ ಮೆಲ್ಲಗೆ ಹೇಳುತ್ತಿದ್ದರು. ಆಮೇಲೂ ಫೋನ್ ಮಾಡಿ ವಿಚಾರಿಸಿದರು. ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟ ದಿನ ಅವನ ದಿನಚರಿ ತಪ್ಪಿ ಮನೆಯಲ್ಲಿ ರಂಪವಾಗುತ್ತದೆ ಅಂದಾಗ, ಅವನ ಅಮ್ಮನ ಕೈಗೂ ಒಂದು 'ಇವತ್ತು ರಜೆ' ಕಾರ್ಡ್ ಕೊಡಿಸಿದರು. ಅಳು ಪೂರ್ತಿ ನಿಲ್ಲಲಿಲ್ಲ. ಆದರೆ ಕಾರ್ಡ್ ಹಿಡಿದು ತಾನೇ ಎದ್ದು ಬರುವುದನ್ನು ಅವನು ಕಲಿತ. ಯಾವ ವಿಡಿಯೊ ನೋಡಿದ್ದರೂ ನಮ್ಮ ತಗಡಿನ ಮಾಡು ಅದರಲ್ಲಿ ಇರುತ್ತಿರಲಿಲ್ಲ, ಅಲ್ವಾ?

ಇದರಲ್ಲಿ ಅಂಕ ಇಲ್ಲ, ಪ್ರಮಾಣಪತ್ರ ಇಲ್ಲ. ಇಂಥವರು ಸಿಗುವುದೂ ಕಷ್ಟ. ಅವರಿಗೂ ಶಾಲೆಯಿಂದ ಶಾಲೆಗೆ ಓಡಾಟ, ಶಾಲೆಗೆ ಬರಲಾಗದೆ ಮನೆಯಲ್ಲೇ ಕಲಿಯುವ ಮಕ್ಕಳ ಭೇಟಿ ಜಾಸ್ತಿ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಹೀಗೆ. ನಿಮ್ಮ ಡಿಪ್ಲೊಮಾದಲ್ಲಿ ಬಾರದ ವಿಷಯಕ್ಕೆ ಆನ್‌ಲೈನ್ ಮಾಡಿ, ಬೇಸಿಗೆಯಲ್ಲೇ ಮುಗಿಸಿ. ಜುಲೈನಲ್ಲಿ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬಲಾಗದು. ಕಾರ್ಯಾಗಾರಕ್ಕೆ ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ನಮ್ಮ ಮಗುವಿನ ವಿಷಯವನ್ನೇ ತಂದು ಚರ್ಚಿಸಬಹುದಾ? ಮುಗಿದ ಮೇಲೆ ಯಾರಾದರೂ ವಿಚಾರಿಸುತ್ತಾರಾ? ಎರಡಕ್ಕೂ ಇಲ್ಲ ಅಂದರೆ ಸುಮ್ನೆ ಹೋಗಬೇಡಿ. ಹಿರಿಯರು ಸಿಗದಿದ್ದರೆ ಹತ್ತಿರದ ಇನ್ನೊಬ್ಬ ವಿಶೇಷ ಶಿಕ್ಷಕರ ಜೊತೆ ಸೇರಿಕೊಳ್ಳಿ. ತಿಂಗಳಿಗೆ ಅರ್ಧ ದಿನ ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಲು ಬಿಆರ್‌ಸಿಯಲ್ಲಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ) ಬರವಣಿಗೆಯಲ್ಲೇ ಅನುಮತಿ ಕೇಳಿ. ನೋಡಲು ಬಂದವರು ಮೊದಲ ದಿನ ಸಲಹೆ ಕೊಡುವುದು ಬೇಡ, ಆ ಮೂರು ಕಾಲಂ ತುಂಬಿಸಿಕೊಟ್ಟರೆ ಸಾಕು.